ಫೋರ್ಟ್ ಸಮ್ಟರ್‌ಗೆ ಹೋಗುವವರಿಗೆ: ಕೋಟೆಯಲ್ಲಿ ಸಿಗುವ ಆ ಒಂದು ಗಂಟೆ

ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ, ಕಲ್ಲು ಸುರಿದು ಕಟ್ಟಿದ ದ್ವೀಪದ ಮೇಲೆ ಫೋರ್ಟ್ ಸಮ್ಟರ್ ಇದೆ. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಮೆರಿಕದ ಅಂತರ್ಯುದ್ಧ 1861ರಲ್ಲಿ ಶುರುವಾದದ್ದು ಇಲ್ಲೇ. ಶಾರ್ಲೆಟ್‌ನಿಂದ ಕಾರಿನಲ್ಲಿ ಚಾರ್ಲ್ಸ್‌ಟನ್‌ಗೆ ಮೂರೂವರೆ ಗಂಟೆ, ಅಟ್ಲಾಂಟಾದಿಂದ ಸುಮಾರು ಐದು. ಅಲ್ಲಿಂದ ಮುಂದೆ ದೋಣಿಯೇ ಗತಿ. ದೋಣಿಗಳು ನಗರದ ಲಿಬರ್ಟಿ ಸ್ಕ್ವೇರ್‌ನಿಂದಲೂ ಸೇತುವೆಯಾಚೆ ಮೌಂಟ್ ಪ್ಲೆಸೆಂಟ್‌ನ ಪೇಟ್ರಿಯಟ್ಸ್ ಪಾಯಿಂಟ್‌ನಿಂದಲೂ ಹೊರಡುತ್ತವೆ. ಟಿಕೆಟ್ ತೆಗೆಯುವಾಗಲೇ ಎಲ್ಲಿಂದ ಎಂದು ನೋಡಿಕೊಳ್ಳಿ. ತಪ್ಪಿ ಇನ್ನೊಂದು ಕಡೆ ಹೋದರೆ, ಸೇತುವೆ ದಾಟಿ ಬರುವಷ್ಟರಲ್ಲಿ ದೋಣಿ ಹೋಗಿರುತ್ತದೆ.

ಒಟ್ಟು ಪ್ರಯಾಣ ಎರಡೂಕಾಲು ಗಂಟೆ. ಕೋಟೆಯಲ್ಲಿ ಇರಲು ಸಿಗುವುದು ಸುಮಾರು ಒಂದೇ ಗಂಟೆ. ಬಹಳ ಜನ ಅದನ್ನು ಒಳಗಿನ ವಸ್ತುಸಂಗ್ರಹಾಲಯದಲ್ಲೇ ಕಳೆದುಬಿಡುತ್ತಾರೆ. ಲಿಬರ್ಟಿ ಸ್ಕ್ವೇರ್‌ನಿಂದ ಹೊರಡುವವರು ಒಂದು ಗಂಟೆ ಮೊದಲೇ ಬಂದು ಅಲ್ಲಿನ ಪ್ರದರ್ಶನ ನೋಡಿಕೊಂಡರೆ ಆ ಹೊತ್ತು ಉಳಿಯುತ್ತದೆ. ಕೋಟೆಗೆ ಇಳಿದ ಕೂಡಲೇ ನಡುವಿನ ಕಪ್ಪು ಕಾಂಕ್ರೀಟ್ ಕಟ್ಟಡದ ಮೇಲಕ್ಕೆ ಹತ್ತಿ. ಅದು 1899ರ ಹೊತ್ತಿನದು, ಅಂತರ್ಯುದ್ಧದ ಕಾಲದ್ದಲ್ಲ. ಆದರೆ ಸಮುದ್ರ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ದಕ್ಷಿಣದವರು ಸುತ್ತುವರಿದಿದ್ದ ಈ ಕೋಟೆಯೊಳಗಿನ ಉತ್ತರದ ಸೈನಿಕರಿಗೆ ಅನ್ನ ಮುಟ್ಟಿಸಲು ಏಕೆ ಆಗಲಿಲ್ಲ ಎಂಬುದು ಅಲ್ಲಿ ನಿಂತರೆ ಅರ್ಥವಾಗುತ್ತದೆ.

ದಕ್ಷಿಣಕ್ಕೆ ಮಾರಿಸ್ ದ್ವೀಪ. 1861ರ ಜನವರಿ 9ರಂದು 200 ಸೈನಿಕರನ್ನೂ ದಿನಸಿಯನ್ನೂ ಹೊತ್ತು ಬಂದ ‘ಸ್ಟಾರ್ ಆಫ್ ದಿ ವೆಸ್ಟ್’ ಹಡಗಿನ ಮೇಲೆ ಚಾರ್ಲ್ಸ್‌ಟನ್‌ನ ಸಿಟಡೆಲ್ ಸೈನಿಕ ಶಾಲೆಯ ಹುಡುಗರು ಅಲ್ಲಿಂದ ಗುಂಡು ಹಾರಿಸಿ ಹಿಂದಕ್ಕೆ ಅಟ್ಟಿದರು. ಪಶ್ಚಿಮಕ್ಕೆ ಫೋರ್ಟ್ ಜಾನ್ಸನ್, ಉತ್ತರಕ್ಕೆ ನೀರಿನಾಚೆ ಫೋರ್ಟ್ ಮೌಲ್ಟ್ರಿ. ತೆರೆದಿದ್ದ ಒಂದೇ ದಿಕ್ಕಿನಲ್ಲಿ, ಬಂದರಿನ ಹೊರಗೆ ಮರಳುದಿಬ್ಬ. ನೀರಿನಲ್ಲಿ ಆಳಕ್ಕೆ ಮುಳುಗುವ ದೊಡ್ಡ ಹಡಗು ಅದನ್ನು ದಾಟಲಾರದು.

ಅದಕ್ಕೇ ಕೋಟೆಗೆ ನೆರವು ಒಯ್ಯುವ ಹೊಣೆ ಹೊತ್ತ ಮಾಜಿ ನೌಕಾಧಿಕಾರಿ ಗಸ್ಟಾವಸ್ ಫಾಕ್ಸ್ ಏಪ್ರಿಲ್‌ನ ಪ್ರಯತ್ನಕ್ಕೆ ಬೇರೆ ಯೋಜನೆ ಹಾಕಿದ: ದೊಡ್ಡ ಹಡಗುಗಳು ದಿಬ್ಬದ ಹೊರಗೇ ನಿಲ್ಲಬೇಕು, ರಾತ್ರಿ ಟಗ್‌ಗಳೂ (ಹಡಗುಗಳನ್ನು ಎಳೆಯುವ ಸಣ್ಣ ಉಗಿದೋಣಿಗಳು) ಹುಟ್ಟು ಹಾಕುವ ದೋಣಿಗಳೂ ಸಾಮಾನು ಒಳಗೆ ಒಯ್ಯಬೇಕು. ‘ಬಾಲ್ಟಿಕ್’ ಹಡಗಿನಲ್ಲಿದ್ದ 200 ಸೈನಿಕರಿಗೆ ಅಲೆಯಲ್ಲಿ ದೋಣಿ ನಡೆಸಿ ಅಭ್ಯಾಸವಿರಲಿಲ್ಲ. ಆ ಕೆಲಸಕ್ಕೆ ಬೇಕಾದ 300 ಶಸ್ತ್ರಸಜ್ಜಿತ ನಾವಿಕರೂ ದೋಣಿಗಳೂ ಇದ್ದದ್ದು ‘ಪೌಹಟನ್’ನಲ್ಲಿ. ಆ ಹಡಗನ್ನು ಫ್ಲಾರಿಡಾದ ಫೋರ್ಟ್ ಪಿಕೆನ್ಸ್‌ಗೆ ಕಳುಹಿಸುವ ಇನ್ನೊಂದು ಆದೇಶಕ್ಕೂ ಅಧ್ಯಕ್ಷ ಲಿಂಕನ್ ಸಹಿ ಬಿದ್ದಿತ್ತು. ತಪ್ಪು ಗೊತ್ತಾದ ಮೇಲೆ ವಾಪಸು ಕರೆದ ತಂತಿಯ ಕೆಳಗಿದ್ದದ್ದು ವಿದೇಶಾಂಗ ಮಂತ್ರಿ ಸೀವರ್ಡ್‌ನ ಹೆಸರು. ಅಧ್ಯಕ್ಷರ ಆದೇಶವೇ ದೊಡ್ಡದೆಂದು ‘ಪೌಹಟನ್’ನ ನಾಯಕ ಪೋರ್ಟರ್ ಹಡಗು ತಿರುಗಿಸಲಿಲ್ಲ. ಮೂರು ಟಗ್‌ಗಳಲ್ಲಿ ಒಂದು ನ್ಯೂಯಾರ್ಕ್ ಬಿಡಲೇ ಇಲ್ಲ, ಉಳಿದೆರಡನ್ನು ಬಿರುಗಾಳಿ ದಿಕ್ಕುಪಾಲು ಮಾಡಿತು. ಏಪ್ರಿಲ್ 12ರ ಬೆಳಗಿನ ಜಾವ 4:30ಕ್ಕೆ ದಕ್ಷಿಣದವರ ಫಿರಂಗಿ ಸಿಡಿದಾಗ ಫಾಕ್ಸ್ ದಿಬ್ಬದ ಹೊರಗೆ, ಬಾರದ ಹಡಗಿಗೆ ಕಾಯುತ್ತಿದ್ದ. ಕೋಟೆಯೊಳಗಿದ್ದ 85 ಸೈನಿಕರು 34 ಗಂಟೆ ತಾಳಿ ಶರಣಾದರು. ಈ ಸೋಲಿಗೆ ಧೈರ್ಯದ ಕೊರತೆ ಕಾರಣವಲ್ಲ. ಕೆಡಿಸಿದ್ದು ಕಾಗದಪತ್ರದ ಗೊಂದಲ, ಸಮುದ್ರ.

ಆಮೇಲೆ ಕೆಳಗಿಳಿದು ಕಮಾನಿನ ಕೋಣೆಗಳನ್ನು ನೋಡಿ. ಗೋಡೆಯಲ್ಲಿ ಹೂತ ಗುಂಡುಗಳು ಇಂದಿಗೂ ಇವೆ. 50 ಅಡಿ ಎತ್ತರವಿದ್ದ ಗೋಡೆ ಮೋಟಾದದ್ದು, ಕೋಟೆ ದಕ್ಷಿಣದವರ ಕೈಯಲ್ಲಿದ್ದಾಗ, 1863ರಿಂದ ಆಚೆಗೆ ಉತ್ತರದವರು ಹಾರಿಸಿದ ಫಿರಂಗಿಗಳಿಂದ. 1863ರ ಸೆಪ್ಟೆಂಬರ್‌ನಲ್ಲಿ ಉತ್ತರದ ನಾವಿಕರು ರಾತ್ರಿ ದೋಣಿಗಳಲ್ಲಿ ಬಂದು ಕೋಟೆಗೆ ನುಗ್ಗಲು ನೋಡಿ ಸೋತರು, ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು.

ಬೇಸಿಗೆಯಲ್ಲಿ ಟೋಪಿ, ನೀರು ಮರೆಯಬೇಡಿ. ಕೋಟೆಯಲ್ಲಿ ನೆರಳು ಕಡಿಮೆ. ಅಲ್ಲಿ ಹೋಟೆಲೂ ಇಲ್ಲ, ಊಟ ಮುಗಿಸಿಯೇ ಹತ್ತಿ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು. ಮಧ್ಯಾಹ್ನ ಗುಡುಗುಮಳೆಯ ಸಾಧ್ಯತೆ ಹೆಚ್ಚು, ಹಾಗಾಗಿ ಬೆಳಗಿನ ಮೊದಲ ದೋಣಿಯೇ ಮೇಲು. ಬಾವುಟ ಏರಿಸುವುದನ್ನೂ ನೋಡಬಹುದು. ಮೌಲ್ಟ್ರಿಗೆ ಕಾರಿನಲ್ಲೇ ಹೋಗಬಹುದು, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಅಲ್ಲಿಂದ ಸಮ್ಟರ್ ಸುಮಾರು ಒಂದು ಮೈಲಿ, ಫಿರಂಗಿಗೆ ಎಷ್ಟು ಹತ್ತಿರ ಎಂದು ಕಣ್ಣಿಗೇ ಗೊತ್ತಾಗುತ್ತದೆ.

‘ಪೌಹಟನ್’ ಹೋದ ಫೋರ್ಟ್ ಪಿಕೆನ್ಸ್ ಪೆನ್ಸಕೋಲಾ ಬಳಿ ಇದೆ. ಹಡಗು ಅಲ್ಲಿಗೆ ಮುಟ್ಟಿದ್ದು ಏಪ್ರಿಲ್ 17ಕ್ಕೆ. 12ರ ರಾತ್ರಿಯೇ ಬೇರೆ ಹಡಗುಗಳಿಂದ ಅಲ್ಲಿಗೆ ಸೈನಿಕರು ಇಳಿದಾಗಿತ್ತು. ಅಲ್ಲಿಗೆ ರಸ್ತೆಯಿದೆ, ಆದರೆ ಬಿರುಗಾಳಿ ಬಂದರೆ ಸಮುದ್ರದ ನೀರೂ ಮರಳೂ ರಸ್ತೆಗೆ ನುಗ್ಗಿ ಅದನ್ನು ಮುಚ್ಚುತ್ತಾರೆ. ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಕೊಂಡೇ ಹೋಗಿ.