ನಾಲ್ಕು ಜಿಬಿ ಗೊಂಬೆಗಳು

ಮಧ್ಯಾಹ್ನ ಒಂದೂವರೆ ನಮ್ಮ ಮನೆಯಲ್ಲಿ ಸ್ವಲ್ಪ ಅಪಾಯದ ಹೊತ್ತು. ಲಂಡನ್‌ನಲ್ಲಿ ಆಗ ಬೆಳಗ್ಗೆ ಒಂಬತ್ತು, ನಮ್ಮ ಕ್ಲೈಂಟುಗಳು ಬಂದು ಕೂರುವ ಸಮಯ. ಅದೇ ಹೊತ್ತಿಗೆ ಅಮ್ಮ ಊಟ ಮುಗಿಸಿ, ಹಿಂದಿನ ರಾತ್ರಿ ನಿದ್ದೆಗೆಟ್ಟು ನೋಡಲಾಗದ ಧಾರಾವಾಹಿಯನ್ನು ಟಿವಿಯಲ್ಲಿ ಹಾಕಿಸಿಕೊಳ್ಳುತ್ತಾಳೆ. ಮಕ್ಕಳಿಗೆ ರಜೆ ಇದ್ದರಂತೂ ಕೇಳಲೇಬೇಡಿ.

2025ರ ದಸರಾ ರಜೆ. ಸೆಪ್ಟೆಂಬರ್ 25, ಗುರುವಾರ, ನವರಾತ್ರಿಯ ನಾಲ್ಕನೇ ದಿನ. ನನ್ನ ಕಂಪನಿ ಇರೋದು ಬೆಂಗಳೂರಿನಲ್ಲಿ, ನಾನಿರೋದು ಮೈಸೂರಿನ ಕುವೆಂಪುನಗರದಲ್ಲಿ. ತಿಂಗಳಿಗೆರಡು ಸಲ ಬೆಳಗಿನ ರೈಲು ಹತ್ತಿ ಹೋಗಿ ಮುಖ ತೋರಿಸಿ ಬರುತ್ತೇನೆ. ಉಳಿದ ದಿನ ಮನೆಯ ಚಿಕ್ಕ ರೂಮೇ ಆಫೀಸು. ಹೆಂಡತಿ ಬ್ಯಾಂಕಿನಲ್ಲಿ. ಮಗಳು ಏಳನೇ ಕ್ಲಾಸು, ಪುಟ್ಟ ಎರಡನೇ ಕ್ಲಾಸು. ಹೀಗಾಗಿ ಹಗಲು ಹೊತ್ತು ಮನೆಯ ಇಂಟರ್ನೆಟ್ ಖಾತೆ ಸಚಿವ ನಾನೇ.

ಆ ಖಾತೆಯನ್ನು ನಾನು ಜಾಸ್ತಿನೇ ಗಂಭೀರವಾಗಿ ತಗೊಂಡಿದ್ದೆ. ಶುರುವಾಗಿದ್ದು 2020ರಲ್ಲಿ. ಮಗಳು ಆಗ ಎರಡನೇ ಕ್ಲಾಸು. ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂತ ಜೂನ್‌ನಲ್ಲಿ ಸರ್ಕಾರ ಹೇಳಿತು. ಅಬ್ಬಾ ಅಂತ ಟ್ಯಾಬ್ ಬೀರುವಿನೊಳಗೆ ಇಟ್ಟೆವು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಟ್ಯಾಬ್ ಮತ್ತೆ ಹೊರಗೆ ಬಂತು. ಆಮೇಲೆ ಅದು ಬೀರುವಿನ ಮುಖ ನೋಡಲಿಲ್ಲ.

ಅಲ್ಲಿಂದ ನಾನು ಒಂದೊಂದೇ ಬೀಗ ಹಾಕುತ್ತಾ ಬಂದೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದೆ. ರಾತ್ರಿ ಒಂಬತ್ತಕ್ಕೆ ಟ್ಯಾಬ್ ತಾನೇ ಲಾಕ್ ಆಗುತ್ತೆ, ಹೊಸ ಆ್ಯಪ್ ಬೇಕಂದ್ರೆ ನನ್ನ ಮೊಬೈಲಿಗೆ ಕೋರಿಕೆ ಬರುತ್ತೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆ ಕೋರಿಕೆ ಬರೋದು ಸರಿಯಾಗಿ ನಾನು ಮೀಟಿಂಗ್‌ನಲ್ಲಿ ಮಾತಾಡುತ್ತಿರುವಾಗ. ಮೊಬೈಲ್ ಟಣ್ ಅನ್ನುತ್ತೆ. ಬಾಯಿ ಮುಚ್ಚಿಸೋಕೆ ಕೈಗೆ ಸಿಕ್ಕ ಬಟನ್ ಒತ್ತುತ್ತೇನೆ. ಹಾಗೆ ಒತ್ತಿಯೇ ಪುಟ್ಟನಿಗೆ ಮೂರು ಕಾರ್ ರೇಸು, ಒಂದು ಮಾತಾಡೋ ಬೆಕ್ಕು ಮಂಜೂರಾಗಿದ್ದವು.

ಆಮೇಲೆ ರೌಟರ್‌ನಲ್ಲಿ ಡಿಎನ್‌ಎಸ್, ಅಂದರೆ ಯಾವ ತಾಣ ಎಲ್ಲಿದೆ ಅಂತ ಹುಡುಕಿಕೊಡುವ ಸೇವೆ, ಬದಲಾಯಿಸಿ 1.1.1.3 ಅಂತ ಹಾಕಿದೆ. ಕ್ಲೌಡ್‌ಫ್ಲೇರ್ ಅನ್ನೋ ಇಂಟರ್ನೆಟ್ ಕಂಪನಿಯವರು 2020ರ ಏಪ್ರಿಲ್ 1ರಂದು ಬಿಟ್ಟಿದ್ದು. ದೊಡ್ಡವರ ತಾಣಗಳು ಮನೆಯ ವೈಫೈನಲ್ಲಿ ತೆರೆಯೋದೇ ಇಲ್ಲ. ಅದು ಒಳ್ಳೆಯ ಕೆಲಸವೇ, ಈಗಲೂ ಇದೆ. ಆದರೆ ಯಾರೋ ಒಬ್ಬ ಮಣ್ಣಲ್ಲಿ ಈಜುಕೊಳ ತೋಡೋದನ್ನು ನನ್ನ ಮಗ ಮೂರು ಗಂಟೆ ಬಿಡದೆ ನೋಡಿದರೆ ಅದಕ್ಕೆ 1.1.1.3 ಏನು ಮಾಡುತ್ತೆ ಪಾಪ.

ಇಷ್ಟೆಲ್ಲ ಬೀಗದ ನಡುವೆ ದೊಡ್ಡ ಬಾಗಿಲು ಒಂದು ತೆರೆದೇ ಇತ್ತು. ಅಜ್ಜಿಯ ಮೊಬೈಲು. ಅಮ್ಮನಿಗೆ ಟಿವಿಯಲ್ಲಿ ಧಾರಾವಾಹಿ ಹುಡುಕೋಕೆ ಬರಲ್ಲ, ಪುಟ್ಟನಿಗೆ ಬರುತ್ತೆ. ಅವನು ಹಾಕಿಕೊಡಬೇಕು, ಅವಳು ಮೊಬೈಲ್ ಕೊಡಬೇಕು. ಇಬ್ಬರ ನಡುವೆ ಈ ಕೊಡು-ಕೊಳ್ಳು ಎಷ್ಟು ದಿನದಿಂದ ನಡೆದಿತ್ತೋ. ನಾನು ಸಿಟ್ಟು ಮಾಡಿದರೆ ಅಮ್ಮ, “ಮಗು ಕೈಲಿ ಎರಡು ನಿಮಿಷ ಇರುತ್ತಪ್ಪ, ನಿನ್ ಕೈಲಿ ಇಡೀ ದಿನ ಇರುತ್ತಲ್ಲ” ಅಂದಳು. ಅಡುಗೆಮನೆಯಿಂದ ಹೆಂಡತಿ ಸೇರಿಸಿದಳು: “ನಿಮ್ಹಾನ್ಸ್‌ನಲ್ಲಿ ಈ ಮೊಬೈಲ್ ಚಟಕ್ಕೇ ಅಂತ ಶಟ್ ಕ್ಲಿನಿಕ್ ಇದ್ಯಂತೆ ರೀ, 2014ರಿಂದ. ಮಕ್ಕಳನ್ನ ಕರ್ಕೊಂಡು ಹೋದ್ರೆ ಮೊದಲು ನಿಮ್ಮನ್ನೇ ಒಳಗೆ ಕರೀತಾರೆ.” ನಾನು ಉತ್ತರ ಕೊಡಲಿಲ್ಲ. ಮೇಲ್ ನೋಡುತ್ತಿದ್ದೆ.

ಇರಲಿ, ಆ ಗುರುವಾರಕ್ಕೆ ಬರೋಣ.

ಒಂದೂವರೆಗೆ ಡೆಮೊ. ಆರು ತಿಂಗಳ ಕೆಲಸ. ಮೊದಲು ಬೆಂಗಳೂರಿನ ಸಹೋದ್ಯೋಗಿ ಇಪ್ಪತ್ತು ನಿಮಿಷ ಮಾತಾಡಬೇಕು, ಆಮೇಲೆ ನಾನು. ಮಕ್ಕಳಿಗೆ ಬೆಳಗ್ಗೆಯೇ ಎಚ್ಚರಿಕೆ ಕೊಟ್ಟಿದ್ದೆ. ಟ್ಯಾಬ್ ನನ್ನ ಮೇಜಿನ ಮೇಲೇ ಇತ್ತು. ಹೆಂಡತಿಯ ಹಳೇ ಮೊಬೈಲ್ ಒಂದು ಸಿಮ್ ಇಲ್ಲದೆ ಮಗಳ ಹತ್ತಿರ ಇತ್ತು, ಹಾಡು ಕೇಳೋಕೆ ಅಂತ. ಅದನ್ನೂ ಬಿಡಲಿಲ್ಲ. ರಜೆ ಶುರುವಾದ ದಿನವೇ ರೌಟರ್‌ನಲ್ಲಿ ಅದರ ನಂಬರ್ ಹುಡುಕಿ ಬ್ಲಾಕ್ ಮಾಡಿದ್ದೆ.

ಕಾಲ್ ಶುರುವಾಗಿ ಐದು ನಿಮಿಷ ಆಗಿರಬೇಕು. ಶುಭಾಶಯ ಹೇಳೋಕೆ ಮೈಕ್ ಆನ್ ಮಾಡಿ ಎರಡು ಮಾತಾಡಿದೆ. ಮ್ಯಾನೇಜರ್ ಚಾಟ್‌ನಲ್ಲಿ ಬರೆದರು: ನಿಮ್ಮ ಧ್ವನಿ ಕಟ್ ಕಟ್ ಆಗ್ತಿದೆ. ನನಗೆ ಮಾತ್ರ ಅವರೆಲ್ಲರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಪೀಡ್ ಟೆಸ್ಟ್ ಹಾಕಿದೆ. ನಮ್ಮದು 40 ಎಂಬಿಪಿಎಸ್ ಲೈನು. ಡೌನ್‌ಲೋಡ್ 36 ತೋರಿಸಿತು. ಅಪ್‌ಲೋಡ್ ಮುಳ್ಳು ಏಳಲೇ ಇಲ್ಲ. 0.8ಕ್ಕೆ ಬಂದು ಸುಸ್ತಾಗಿ ಕೂತಿತು.

ಮಕ್ಕಳು ವಿಡಿಯೊ ನೋಡಿದರೆ ಡೌನ್‌ಲೋಡ್ ಕಡಿಮೆ ಆಗಬೇಕು. ಇಲ್ಲಿ ಆಗಿರೋದು ಉಲ್ಟಾ. ಯಾರೋ ಮನೆಯಿಂದ ಹೊರಕ್ಕೆ ಮೂಟೆ ಮೂಟೆ ಸಾಗಿಸುತ್ತಿದ್ದಾರೆ. ಹೊರಹೋಗುವ ದಾರಿ ಪೂರ್ತಿ ಅವರ ಮೂಟೆಯೇ ತುಂಬಿ, ನನ್ನ ಧ್ವನಿಗೆ ಸಂದಿ ಇಲ್ಲ.

ಬ್ರೌಸರ್‌ನಲ್ಲಿ 192.168.1.1 ಒತ್ತಿ ರೌಟರ್ ಪುಟ ತೆರೆದೆ. ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪು, ನನ್ನ ಮೊಬೈಲು, ಟಿವಿ. ಬ್ಲಾಕ್ ಆದ ಹಳೇ ಮೊಬೈಲು ಕೆಂಪು ಗುರುತಿನ ಜೊತೆ ತೆಪ್ಪಗೆ ಕೂತಿತ್ತು. ಕೆಳಗೆ ಇನ್ನೂ ಎರಡು, ಹೆಸರಿಲ್ಲದವು. ‘ಅನ್‌ನೋನ್’.

ನನಗೆ ತಕ್ಷಣ ನೆನಪಾಗಿದ್ದು ಮೇಲಿನ ಮನೆ ಹುಡುಗ. ಬಾಡಿಗೆಗೆ ಇದ್ದಾನೆ, ಇಂಜಿನಿಯರಿಂಗ್ ಓದುತ್ತಾನೆ. ಹೋದ ವರ್ಷ ಯಾವಾಗಲೋ, “ಸರ್, ಹಾಲ್ ಟಿಕೆಟ್ ಡೌನ್‌ಲೋಡ್ ಮಾಡ್ಬೇಕಿತ್ತು” ಅಂತ ಬಂದಾಗ ಪಾಸ್‌ವರ್ಡ್ ಕೊಟ್ಟಿದ್ದೆ. ಕೊಟ್ಟಿದ್ದು ಒಂದು ದಿನಕ್ಕೆ. ಸಿಟ್ಟು ನೆತ್ತಿಗೇರಿತು. ಮೇಲೆ ಹತ್ತಿ ಹೋಗಿ ಜಗಳ ಮಾಡೋಕೆ ಟೈಮಿಲ್ಲ. ಪಾಸ್‌ವರ್ಡನ್ನೇ ಬದಲಾಯಿಸಿಬಿಡೋಣ ಅಂತ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿ ಹದಿನಾರು ಅಕ್ಷರದ್ದೊಂದು ಬರೆದು ಸೇವ್ ಒತ್ತಿದೆ.

ಒತ್ತಿದ ಮೇಲೆ ಹೊಳೆಯಿತು, ನಾನೂ ಅದೇ ವೈಫೈನಲ್ಲಿ ಇದ್ದೀನಿ ಅಂತ.

ಪರದೆ ಮೇಲೆ ಲಂಡನ್‌ನವರು ಬಾಯಿ ಅರ್ಧ ತೆರೆದು ನಿಂತುಬಿಟ್ಟರು. ಹಾಲ್‌ನಿಂದ ಅಮ್ಮನ ಕೂಗು: “ಲೋ, ಟಿವಿ ನಿಂತೋಯ್ತು ಕಣೋ! ಅವಳು ತಾಳಿ ಕಿತ್ತು ಎಸೀತಿದ್ಲು!” ಮ್ಯಾನೇಜರ್ ಫೋನು. ಎತ್ತಿ, “ಕರೆಂಟ್ ಹೋಯ್ತು ಸರ್, ಎರಡೇ ನಿಮಿಷ” ಅಂತ ಸುಳ್ಳು ಹೇಳಿದೆ. ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡೋಕೆ ಪರದಾಡುತ್ತಿರುವಾಗ ದೇವರ ಕೋಣೆ ಬಾಗಿಲು ಮೆಲ್ಲಗೆ ತೆರೆಯಿತು. ಹಳೇ ಮೊಬೈಲ್ ಹಿಡಿದು ಮಗಳು ಹೊರಗೆ ಬಂದಳು.

“ಅಪ್ಪಾ, ನೆಟ್ ಹೋಯ್ತಾ? 82 ಪರ್ಸೆಂಟ್ ಆಗಿತ್ತು.”

ಪುಟ್ಟ ಮಾತ್ರ ಬರಲಿಲ್ಲ. ಅವನು ಮಂಚದ ಕೆಳಗೆ ಅಜ್ಜಿ ಮೊಬೈಲಿನ ಡೇಟಾದಲ್ಲಿ ನೆಮ್ಮದಿಯಾಗಿ ಈಜುಕೊಳ ತೋಡುವವನ ಜೊತೆ ಇದ್ದ.

ಡೆಮೊ ಹಾಟ್‌ಸ್ಪಾಟ್‌ನಲ್ಲೇ ಮುಗಿಯಿತು. ಹೇಗೆ ಮುಗಿಯಿತು ಅಂತ ಕೇಳಬೇಡಿ, ಮುಗಿಯಿತು. ಮೂರು ಗಂಟೆಗೆ ಹೊರಗೆ ಬಂದು ಮಗಳನ್ನು ಎದುರು ಕೂರಿಸಿಕೊಂಡೆ. ಗದರಿಸುವುದಕ್ಕಿಂತ ಮೊದಲು ನನಗೆ ಬೇರೆಯದೇ ಕುತೂಹಲ. ಬ್ಲಾಕ್ ಆದ ಮೊಬೈಲು ಒಳಗೆ ಬಂದಿದ್ದು ಹೇಗೆ?

ವೈಫೈ ಸೆಟ್ಟಿಂಗ್ ತೆರೆದು ತೋರಿಸಿದಳು. ನಮ್ಮ ವೈಫೈ ಹೆಸರಿನ ಪಕ್ಕದ ಹಲ್ಲಿನ ಚಕ್ರ ಒತ್ತಿದರೆ ಪ್ರೈವಸಿ ಅಂತ ಒಂದು ಸಾಲು. ವೈಫೈಗೆ ಸೇರುವ ಪ್ರತಿ ಸಾಧನಕ್ಕೂ ಮ್ಯಾಕ್ ಅಡ್ರೆಸ್ ಅಂತ ಹನ್ನೆರಡು ಅಕ್ಷರದ ಗುರುತು ಇರುತ್ತೆ. 2019ರ ಆಂಡ್ರಾಯ್ಡ್ 10 ಬಂದಾಗಿನಿಂದ ಫೋನುಗಳು ಅಸಲಿ ಗುರುತಿನ ಬದಲು ತಾವೇ ಹುಟ್ಟಿಸಿದ ಒಂದನ್ನು ಕೊಡುತ್ತವೆ. ಹೋದಲ್ಲೆಲ್ಲ ಯಾರೂ ನಮ್ಮ ಜಾಡು ಹಿಡಿಯದಿರಲಿ ಅಂತ. ಬೇಡವಾದರೆ ಅಸಲಿಯನ್ನೇ ಕೊಡು ಅಂತ ಆರಿಸಬಹುದು. ನಾನು ಬ್ಲಾಕ್ ಮಾಡಿದ್ದು ಹುಟ್ಟಿಸಿದ್ದನ್ನು. ಅವಳು ಒಂದೇ ಸಲ ಒತ್ತಿ ಅಸಲಿಗೆ ಬಂದಿದ್ದಳು. ವೇಷಕ್ಕೆ ತಡೆ ಹಾಕಿದ್ದೆ, ಅವಳು ವೇಷ ಕಳಚಿಟ್ಟು ಸ್ವಂತ ಮುಖದಲ್ಲೇ ಒಳಗೆ ಬಂದಿದ್ದಳು. ನನ್ನ ಕೆಲಸ ಸಾಫ್ಟ್‌ವೇರು. ಹದಿನೈದು ವರ್ಷದ ಅನುಭವ.

“ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ. ಸುಮ್ನೆ ಒತ್ತಿ ನೋಡ್ದೆ.”

“ಏನು ಕಳಿಸ್ತಿದ್ದೆ ಅಷ್ಟೊಂದು?”

ನಮ್ಮ ಮನೆ ಗೊಂಬೆ. ಶಿವಮೊಗ್ಗದ ಅತ್ತೆ ಮಗಳಿಗೆ ಗೂಗಲ್ ಡ್ರೈವ್‌ನಲ್ಲಿ ಹಾಕುತ್ತಿದ್ದಳಂತೆ. ಅವಳ ಹತ್ತಿರ ಎಡಿಟಿಂಗ್ ಆ್ಯಪ್ ಇದೆ, ಅವಳು ಹಾಡು ಸೇರಿಸಿ ವಾಪಸ್ ಕಳಿಸಬೇಕು. ಹನ್ನೊಂದು ನಿಮಿಷದ ವಿಡಿಯೊ. ಕ್ಯಾಮೆರಾ 4ಕೆಯಲ್ಲಿ ಇದ್ದಿದ್ದರಿಂದ ನಿಮಿಷಕ್ಕೆ 350 ಎಂಬಿ ಮೇಲೆ. ಒಟ್ಟು ಹತ್ತಿರ ಹತ್ತಿರ ನಾಲ್ಕು ಜಿಬಿ. ನಮ್ಮ ಲೈನನ್ನು ಪೂರ್ತಿ ಅವಳಿಗೇ ಬಿಟ್ಟುಕೊಟ್ಟರೂ ಹದಿಮೂರು ನಿಮಿಷ ಬೇಕು. ಮೊದಲೇ ಕೇಳಿದ್ದರೆ ಬೆಳಗ್ಗೆ ಏಳಕ್ಕೆ ಹಾಕಿಬಿಡಬಹುದಿತ್ತು ಅಂದೆ. “ನೀನು ಬೇಡ ಅಂತಿದ್ದೆ” ಅಂದಳು. ಹೌದು, ಅಂತಿದ್ದೆ.

“ಎಲ್ಲಿ, ತೋರಿಸು.”

ನಾಲ್ಕು ದಿನದಿಂದ ಹಾಲ್‌ನ ಮೂಲೆಯಲ್ಲಿದ್ದ ಗೊಂಬೆಗಳನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಆ ಚಿಕ್ಕ ಪರದೆಯಲ್ಲಿ. ಮೇಲಿನ ಮೆಟ್ಟಿಲಲ್ಲಿ ಅಮ್ಮನ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ. ರಾಣಿಗೆ ಹೊಸ ಸೀರೆ ಉಡಿಸಿದ್ದರು, ನನ್ನ ಹೆಂಡತಿಯ ರವಿಕೆ ಬಟ್ಟೆಯ ಚೂರು. ಕೆಳಗೆ ಶೆಟ್ಟರ ಅಂಗಡಿ, ಮುಂದೆ ಬಟ್ಟಲಲ್ಲಿ ಅಕ್ಕಿ, ಬೇಳೆ. ಇನ್ನೂ ಕೆಳಗೆ ರಾಗಿ ಚೆಲ್ಲಿ ಮೊಳಕೆ ಬರಿಸಿದ ಪಾರ್ಕು. ಮೊಳಕೆ ಬೆರಳುದ್ದ ಬಂದು ಒಂದು ಜಿಂಕೆ ಅರ್ಧ ಮುಳುಗಿತ್ತು. ಮಗಳು ಒಂದೊಂದನ್ನೇ ತೋರಿಸುತ್ತಾ ವಿವರಣೆ ಕೊಡುತ್ತಿದ್ದಾಳೆ, ಟಿವಿಯವರ ಹಾಗೆ.

ಏಳನೇ ನಿಮಿಷದ ಹೊತ್ತಿಗೆ ಕ್ಯಾಮೆರಾ ಪಾರ್ಕಿನ ಪಕ್ಕದ ಒಂದು ರಟ್ಟಿನ ಡಬ್ಬಿಗೆ ಬಂತು. ನನ್ನದೇ ಶೂ ಡಬ್ಬಿ. ಅದರಲ್ಲಿ ಬಾಗಿಲು ಕತ್ತರಿಸಿದ್ದರು. ಒಳಗೆ ಚನ್ನಪಟ್ಟಣದ ಮರದ ಗೊಂಬೆ, ತಲೆಗೆ ಕಪ್ಪು ದಾರದ ಹೆಡ್‌ಫೋನು, ಮುಂದೆ ಬೆಂಕಿಪೊಟ್ಟಣ ಬಿಡಿಸಿ ಮಾಡಿದ ಲ್ಯಾಪ್‌ಟಾಪು. ಬಾಗಿಲ ಮೇಲೆ ಚೀಟಿ, ಪುಟ್ಟನ ಅಕ್ಷರ: ಶ್! ಕಾಲ್.

“ಇದು ನಮ್ಮಪ್ಪ” ಅಂತ ಮಗಳ ಧ್ವನಿ. “ಇವ್ರು ಮನೇಲೇ ಇರ್ತಾರೆ. ಆದ್ರೆ ಸಂಜೆ ಏಳಕ್ಕೆ ಬರ್ತಾರೆ.”

ಹಿಂದಿನಿಂದ ಪುಟ್ಟ ಕಿಸಕ್ಕನೆ ನಕ್ಕಿದ್ದೂ ರೆಕಾರ್ಡ್ ಆಗಿತ್ತು. ಮುಚ್ಚಿದ ಬಾಗಿಲಿನಾಚೆಯಿಂದ ನನ್ನ ಧ್ವನಿ ಕೂಡ, ಯಾರಿಗೋ ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ, ನನ್ನ ಮಾತು ಕೇಳಿಸ್ತಿದೆಯಾ ಅಂತ.

ನಾನು ವಿಡಿಯೊ ಕೊನೆಯವರೆಗೂ ನೋಡಿದೆ. ಆಮೇಲೆ ಹೊಸ ಪಾಸ್‌ವರ್ಡ್ ಹಾಕಿ ಆ ಮೊಬೈಲನ್ನು ಸೇರಿಸಿದೆ. ಡ್ರೈವ್ ಮತ್ತೆ ಓಡತೊಡಗಿತು. ಟಿವಿಗೆ ಹದಿನಾರು ಅಕ್ಷರಗಳನ್ನು ರಿಮೋಟಿನಲ್ಲಿ ಒಂದೊಂದಾಗಿ ಒತ್ತೋಕೆ ಕಾಲು ಗಂಟೆ ಹಿಡಿಯಿತು, ಎರಡು ಸಲ ತಪ್ಪಿ. ಅಷ್ಟು ಹೊತ್ತೂ ಅಮ್ಮ ಪಕ್ಕದಲ್ಲೇ ನಿಂತು ನನ್ನ ವಿದ್ಯೆಯ ಬಗ್ಗೆ ಮಾತಾಡಿದಳು.

ರೌಟರ್ ಪಟ್ಟಿ ಇನ್ನೊಮ್ಮೆ ನೋಡಬೇಕು ಅಂದುಕೊಂಡೆ, ಮರೆತೆ. ಸಂಜೆ ಗೊಂಬೆ ನೋಡೋಕೆ ಬೀದಿಯ ಮಕ್ಕಳೆಲ್ಲ ಬಂದರು, ಆರತಿ ಆಯಿತು, ಕಡಲೆಕಾಳಿನ ಉಸಲಿ ಹಂಚಿದೆವು. ಆಗ ಮೇಲಿನ ಮನೆ ಹುಡುಗನ ನೆನಪಾಯಿತು. ಪಾಪ, ಅವನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ ಅಂತ ಒಂಥರಾ ಆಯಿತು. ಒಂದು ಡಬ್ಬಿ ತುಂಬ ಉಸಲಿ ಹಾಕಿ, ಎರಡು ಕೊಬ್ಬರಿ ಮಿಠಾಯಿ ಇಟ್ಟು, “ಮೇಲಿನ ಅಣ್ಣಂಗೆ ಕೊಟ್ಟು ಬಾ” ಅಂತ ಪುಟ್ಟನನ್ನು ಕಳಿಸಿದೆ.

ಐದು ನಿಮಿಷಕ್ಕೆ ಖಾಲಿ ಡಬ್ಬಿ ಹಿಡಿದು ಇಳಿದು ಬಂದ.

“ಅಪ್ಪಾ, ಉಸಲಿ ಸೂಪರ್ ಅಂತೆ. ಮಧ್ಯಾಹ್ನದಿಂದ ವೈಫೈ ಬರ್ತಿಲ್ವಂತೆ, ಹೊಸ ಪಾಸ್‌ವರ್ಡ್ ಏನು ಅಂತ ಕೇಳ್ದ.”