ಪೈಪಿನ ಮೇಲಿನ ನಂಬರಿಗೆ ಏನರ್ಥ?

"ನನ್ನ ತಂಬಾಕು ಸೇದುವ ಪೈಪಿನ ಮೇಲೆ 320 ಅಂತ ಒತ್ತಿದ್ದಾರೆ, ಇದು ಯಾವ ಆಕಾರ?" ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ಯಾವ ಕಂಪನಿಯದು? ಎಲ್ಲ ತಯಾರಕರೂ ಒಪ್ಪಿಕೊಂಡ ಪಟ್ಟಿ ಅಂತ ಒಂದಿಲ್ಲ. ಇಟಲಿಯ ಸಾವಿನೆಲ್ಲಿ ಕಂಪನಿಯಲ್ಲಿ 320 ಕೆಎಸ್ ಅಂದರೆ ಆಥರ್ ಎಂಬ ಆಕಾರ, ಅಂದರೆ ದಪ್ಪನೆಯ ಕುಳ್ಳ ಬೌಲು (ತಂಬಾಕು ತುಂಬುವ ಬಟ್ಟಲು). ಕೆಎಸ್ ಎಂಬುದು ಕಿಂಗ್ ಸೈಜ್. ಬೇರೆ ಕಾರ್ಖಾನೆಯ 320ಕ್ಕೂ ಇದಕ್ಕೂ ನಂಟಿಲ್ಲ.

ಬಿಡಿಸಿ ಓದಬಹುದಾದ ನಂಬರು ಇಂಗ್ಲೆಂಡಿನ ಡನ್‌ಹಿಲ್‌ನ ನಾಲ್ಕಂಕಿಯದು. 4103 ನೋಡಿ: 4 ಗಾತ್ರದ ಗುಂಪು, 1 ಅಂದರೆ ಸ್ಟೆಮ್ (ಬಾಯಿಗಿಡುವ ಕೊಳವೆ) ತುದಿಯತ್ತ ಸಮನಾಗಿ ಕಿರಿದಾಗುವ ಟೇಪರ್, 03 ಬಿಲಿಯರ್ಡ್ ಎಂಬ ಆಕಾರ. 4203 ಆದರೆ ಸ್ಟೆಮ್ ಬುಡದಲ್ಲೇ ತಟ್ಟನೆ ಚಪ್ಪಟೆಯಾಗುವ ಸ್ಯಾಡಲ್. ಹಳೆಯ ಡನ್‌ಹಿಲ್‌ಗಳಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಎಲ್‌ಬಿ ತರಹದ ಅಕ್ಷರಗಳೂ ಇವೆ.

ಐರ್ಲೆಂಡಿನ ಪೀಟರ್ಸನ್ ಇನ್ನೂ ತಲೆ ತಿನ್ನುತ್ತದೆ. ಒಂದೇ ಬೌಲು ಅವರ ಸಾಧಾರಣ 'ಸಿಸ್ಟಮ್' ಎಂಬ ಸಾಲಿನಲ್ಲಿ 307, ಡಿಲಕ್ಸ್‌ನಲ್ಲಿ 9ಎಸ್, ಕ್ಲಾಸಿಕ್‌ನಲ್ಲಿ ಎಕ್ಸ್‌ಎಲ್90. ತಿರುಗಾಮುರುಗಾ ಆಗುವುದೂ ಉಂಟು: ಅವರ 999 ಮೊದಲು ದಪ್ಪಗಿತ್ತು, ಆಮೇಲೆ ಸಣ್ಣಗಾಯಿತು, ನಂಬರು ಮಾತ್ರ ಹಾಗೇ ಉಳಿಯಿತು.

ಹಾಗಾಗಿ ಹೆಸರುಗಳನ್ನು ಕಲಿಯುವುದೇ ಲಾಭ. ಉದ್ದ ಶ್ಯಾಂಕಿನ (ಬೌಲಿಗೂ ಸ್ಟೆಮ್‌ಗೂ ನಡುವಿನ ಮರದ ಕತ್ತು) ನಾಲ್ಕು ಆಕಾರಗಳನ್ನು ಎರಡೇ ಪ್ರಶ್ನೆಯಲ್ಲಿ ಬೇರ್ಪಡಿಸಬಹುದು: ಶ್ಯಾಂಕ್ ದುಂಡೋ ಅಂಡಾಕಾರವೋ, ಸ್ಟೆಮ್ ಟೇಪರೋ ಸ್ಯಾಡಲೋ? ಅಂಡಾಕಾರಕ್ಕೆ ಟೇಪರ್ ಸೇರಿದರೆ ಕೆನೇಡಿಯನ್, ಸ್ಯಾಡಲ್ ಸೇರಿದರೆ ಲಂಬರ್‌ಮನ್. ದುಂಡಿಗೆ ಟೇಪರ್ ಲಿವರ್‌ಪೂಲ್, ಸ್ಯಾಡಲ್ ಲೋವಟ್. ಬುಲ್‌ಡಾಗ್, ರೊಡೇಷಿಯನ್ ಎಂಬ ಇನ್ನೆರಡು ಆಕಾರಗಳ ಬೌಲು ಒಂದೇ ಬಗೆ. ಶ್ಯಾಂಕ್ ವಜ್ರಾಕೃತಿಯಾದರೆ ಮೊದಲನೆಯದು, ದುಂಡಾದರೆ ಎರಡನೆಯದು.

ನಂಬರು ಸಾಮಾನ್ಯವಾಗಿ ಶ್ಯಾಂಕಿನ ಬಲಬದಿಯಲ್ಲೋ ಅಡಿಯಲ್ಲೋ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಪಾಲಿಶ್ ಚಕ್ರಕ್ಕೆ ಕೊಡುವ ಮುನ್ನವೇ ಫೋಟೋ ತೆಗೆದಿಡಿ. ಆಳವಿಲ್ಲದ ಅಂಕಿ ಒಂದೆರಡು ಉಜ್ಜಿಗೆ ಮಾಯ, 6 ಮತ್ತು 8 ಒಂದೇ ಥರ ಕಾಣತೊಡಗುತ್ತವೆ.

ನಂಬರು ಸಿಕ್ಕರೂ ಕೊಳ್ಳುವ ಮುನ್ನ ಮಿಲಿಮೀಟರಿನಲ್ಲಿ ಅಳತೆ ಕೇಳಿ: ಬೌಲಿನ ಎತ್ತರ, ಹೊರ ಅಗಲ, ಒಳಗುಳಿಯ ವ್ಯಾಸ ಮತ್ತು ಆಳ. ಒಟ್ಟು ಉದ್ದವನ್ನೇ ನಂಬಬೇಡಿ, ಸ್ಟೆಮ್ ಬದಲಾಗಿರಬಹುದು. ಸುಟ್ಟ ಅಂಚನ್ನು ಉಜ್ಜಿ ಸಮ ಮಾಡಿದ್ದರೆ ಎತ್ತರವೂ ಕಡಿಮೆ ಬರುತ್ತದೆ. ಸ್ಯಾಂಡ್‌ಬ್ಲಾಸ್ಟ್ ಮಾಡಿದ ಪೈಪ್ ಅದೇ ನಂಬರಿನ ನುಣುಪು ಪೈಪಿಗಿಂತ ತುಸು ತೆಳ್ಳಗಿದ್ದರೆ ಗಾಬರಿ ಬೇಡ: ಮರಳಿನ ಹೊಡೆತಕ್ಕೆ ಮೆತ್ತನೆಯ ಮರ ಉದುರಿ ಹೋಗಿರುತ್ತದೆ.