ಕುಗ್ಗಿದ ಮರಗಳನ್ನು ನಾನು ಸೊನ್ನೆ ಮಾಡಿದ್ದು

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ತಾಗಿಕೊಂಡಿರುವ ಕುಂಚಾವರಂ ಕಾಡಿನಲ್ಲಿ, ನಾವು ಗುರುತು ಮಾಡಿಟ್ಟ ಮೂರು ತಾಕುಗಳಿವೆ. ಒಂದೊಂದೂ ನೂರು ಮೀಟರ್ ಉದ್ದ, ನೂರು ಮೀಟರ್ ಅಗಲ. ತಾಕಿನೊಳಗೆ 30 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆಯ ಪ್ರತಿಯೊಂದು ಮರಕ್ಕೂ ಸಂಖ್ಯೆ ಒತ್ತಿದ ಅಲ್ಯೂಮಿನಿಯಂ ತಗಡು ಹೊಡೆದಿದ್ದೇವೆ. ಅವುಗಳ ಸುತ್ತಳತೆಯನ್ನು ಮತ್ತೆ ಮತ್ತೆ ಅಳೆಯುವುದು, ಯಾವುದು ಸತ್ತಿತು, ಯಾವುದು ಬುಡದಿಂದ ಚಿಗುರಿತು, ಯಾವುದಕ್ಕೆ ಬೆಂಕಿ ತಗುಲಿತು ಎಂದು ಬರೆದಿಡುವುದು ನನ್ನ ಕೆಲಸ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ, ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಕರೆಸಿಕೊಳ್ಳುವ ಕಾಡು ಇದು. ಕಲಬುರಗಿ ಎಂದೊಡನೆ ತೊಗರಿ ಹೊಲವನ್ನೂ ಬಿಸಿಲನ್ನೂ ನೆನೆಯುವವರಿಗೆ ಇಲ್ಲಿ ಸಾಗವಾನಿ, ಮತ್ತಿ, ದಿಂಡಿಗ ಬೆಳೆದು ನಿಂತಿವೆ ಎಂದರೆ ಇಂದಿಗೂ ನಂಬಿಕೆ ಬರುವುದಿಲ್ಲ.

ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕಾಡಿನ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಕೆಲಸಕ್ಕೆ ಹೊಸದಾಗಿ ಸೇರುವವರು ಇದೇ ತಪ್ಪನ್ನು ಇಷ್ಟೇ ಒಳ್ಳೆಯ ಉದ್ದೇಶದಿಂದ ಮಾಡುವುದನ್ನು ಆಮೇಲೆ ಎರಡು ಕಡೆ ಕಂಡಿದ್ದೇನೆ.

ನಮ್ಮ ಮೊದಲ ಅಳತೆ ನಡೆದದ್ದು 2020ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ತಿಂಗಳಲ್ಲಿ ಜಿಲ್ಲೆಯ ತುಂಬ ವಿಪರೀತ ಮಳೆಯಾಗಿ, ಭೀಮಾ ನದಿ ಉಕ್ಕಿ ಊರುಗಳಿಗೆ ನುಗ್ಗಿತ್ತು. ಕಾಡಿನ ನೆಲ ಇನ್ನೂ ಹಸಿಯಾಗಿತ್ತು, ಹಳ್ಳಗಳಲ್ಲಿ ನೀರು ಹರಿಯುತ್ತಿತ್ತು. ಎರಡನೆಯ ಅಳತೆಯನ್ನು ಮುಂದಿನ ವರ್ಷದ ನವೆಂಬರಿಗೇ ಮಾಡಬೇಕಿತ್ತು. ಆದರೆ ಅನುದಾನ ಬರುವುದು ತಡವಾಗಿ ಅದು 2022ರ ಏಪ್ರಿಲ್ ಕೊನೆಗೆ ಹೋಯಿತು. ಆ ಹೊತ್ತಿಗೆ ಸಾಗವಾನಿ ಸಂಪೂರ್ಣ ಬೋಳಾಗಿತ್ತು, ಬೆಳಿಗ್ಗೆ ಹತ್ತು ಗಂಟೆಗೇ ಟೇಪು ಕೈಯಲ್ಲಿ ಸುಡುತ್ತಿತ್ತು. ಮೊದಲ ಸಲ ಅಳೆದ ಇಬ್ಬರಲ್ಲಿ ಒಬ್ಬರು ಬೇರೆ ಕೆಲಸಕ್ಕೆ ಹೋಗಿದ್ದರು. ಅವರ ಜಾಗಕ್ಕೆ ಬಂದವನೇ ನಾನು.

ಅಳತೆ ಮುಗಿಸಿ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಎರಡನೆಯ ಅಳತೆಯಿಂದ ಮೊದಲನೆಯದನ್ನು ಕಳೆದಾಗ, ಪರದೆಯ ಮೇಲೆ ಸಾಲುಸಾಲಾಗಿ ಋಣ ಚಿಹ್ನೆಗಳು ಕಂಡವು. ನಮ್ಮ ಲೆಕ್ಕದ ಪ್ರಕಾರ ಕಾಡಿನ ಎಷ್ಟೋ ಮರಗಳು ಒಂದೂವರೆ ವರ್ಷದಲ್ಲಿ ತೆಳ್ಳಗಾಗಿದ್ದವು. ಮರ ಬೆಳೆಯದೇ ಇರಬಹುದು, ಆದರೆ ಕಿರಿದಾಗುವುದೆಂದರೇನು? ಇದು ಅಳತೆಯ ತಪ್ಪೇ ಇರಬೇಕೆಂದು ನಾನು ತೀರ್ಮಾನಿಸಿದೆ. ವರದಿ ಕೊಡುವ ದಿನ ಹತ್ತಿರವಾಗಿತ್ತು. ಸೊನ್ನೆಗಿಂತ ಕಡಿಮೆ ಬಂದ ಪ್ರತಿಯೊಂದು ಅಂಕಿಯನ್ನೂ ಸೊನ್ನೆ ಎಂದು ತಿದ್ದಿದೆ. ಮೂಲ ಕಡತದಲ್ಲಿಯೇ ತಿದ್ದಿದೆ, ಯಾರನ್ನೂ ಕೇಳಲಿಲ್ಲ. ಹಾಗೆ ತಿದ್ದಿದ ಮೇಲೆ ಸರಾಸರಿ ಬೆಳವಣಿಗೆ ನೋಡಲು ಚೆನ್ನಾಗಿಯೇ ಇತ್ತು.

ಇದರಲ್ಲಿ ಏನು ತಪ್ಪು ಎನ್ನುವುದು ನನಗೆ ಅರ್ಥವಾದದ್ದು ನಮ್ಮ ಯೋಜನೆಯ ಮುಖ್ಯಸ್ಥೆ ಮೇಡಮ್ಮನವರು ಒಂದು ಹಾಳೆಯ ಮೇಲೆ ಬಿಡಿಸಿ ತೋರಿಸಿದಾಗ. ಇಡೀ ವರ್ಷ ಒಂದಿಷ್ಟೂ ಬೆಳೆಯದ ಎರಡು ಮರಗಳನ್ನು ಊಹಿಸಿಕೊಳ್ಳಿ. ಅಳೆಯುವ ಕೈಯ ತಪ್ಪಿನಿಂದ ಒಂದರ ಅಳತೆ 6 ಮಿಲಿಮೀಟರ್ ಹೆಚ್ಚು ಬಂತು, ಇನ್ನೊಂದರದು 6 ಮಿಲಿಮೀಟರ್ ಕಡಿಮೆ ಬಂತು. ಎರಡನ್ನೂ ಹಾಗೆಯೇ ಇಟ್ಟರೆ ಸರಾಸರಿ ಸೊನ್ನೆ, ಅಂದರೆ ನಿಜ. ಕಡಿಮೆ ಬಂದದ್ದನ್ನು ಮಾತ್ರ ಸೊನ್ನೆ ಮಾಡಿ ಹೆಚ್ಚು ಬಂದದ್ದನ್ನು ಮುಟ್ಟದೆ ಬಿಟ್ಟರೆ ಸರಾಸರಿ 3 ಮಿಲಿಮೀಟರ್. ಬೆಳೆಯದ ಮರಗಳು ಕಾಗದದ ಮೇಲೆ ಬೆಳೆದುಬಿಟ್ಟವು. ಹೆಚ್ಚು ಬಂದ ಅಳತೆಯೂ ಅಷ್ಟೇ ತಪ್ಪಾಗಿತ್ತು. ಆದರೆ ಅದು ನಾವು ನಿರೀಕ್ಷಿಸಿದ ದಿಕ್ಕಿನಲ್ಲಿಯೇ ಇದ್ದುದರಿಂದ ನನ್ನ ಕಣ್ಣಿಗೆ ತಪ್ಪಾಗಿ ಕಾಣಲಿಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ ಸಂಗತಿ ಇನ್ನೊಂದಿದೆ. ಚೆನ್ನಾಗಿ ಬೆಳೆಯುತ್ತಿರುವ ಕಾಡಿನಲ್ಲಿ ಋಣ ಅಂಕಿಗಳು ಕಡಿಮೆ ಇರುವುದರಿಂದ ಇಂಥ ತಿದ್ದುಪಡಿಯಿಂದ ಆಗುವ ಹಾನಿಯೂ ಕಡಿಮೆ. ಬರ, ಬೆಂಕಿ, ಬಿಸಿಲಿನಿಂದ ಬಳಲಿ ಬೆಳವಣಿಗೆ ಸೊನ್ನೆಯ ಹತ್ತಿರ ನಿಂತಿರುವ ಕಾಡಿನಲ್ಲಿಯೇ ಅವು ಹೆಚ್ಚು ಬರುತ್ತವೆ, ಅಲ್ಲಿಯೇ ಈ ತಿದ್ದುಪಡಿ ಅತಿ ಹೆಚ್ಚು ಸುಳ್ಳು ಬೆಳವಣಿಗೆಯನ್ನು ಹುಟ್ಟಿಸುತ್ತದೆ. ಕಾಡಿಗೆ ಆಗುತ್ತಿರುವ ಒತ್ತಡವನ್ನು ಪತ್ತೆ ಮಾಡಲೆಂದೇ ಸಂಬಳ ಪಡೆಯುತ್ತಿದ್ದ ನಾನು, ಒತ್ತಡ ಇದ್ದಲ್ಲೆಲ್ಲ ಅದನ್ನು ಅಳಿಸಿಹಾಕುವ ವಿಧಾನವನ್ನು ಕಂಡುಹಿಡಿದಿದ್ದೆ.

ಪುಣ್ಯಕ್ಕೆ ಕಾಡಿನಲ್ಲಿ ಪೆನ್ಸಿಲಿನಿಂದ ಬರೆದ ಪುಸ್ತಕಗಳು ಉಳಿದಿದ್ದವು. ಅವುಗಳಿಂದ ಎಲ್ಲ ಅಂಕಿಗಳನ್ನು ಮತ್ತೆ ಏರಿಸಲು ಹನ್ನೊಂದು ದಿನ ಹಿಡಿಯಿತು. ವರದಿಯನ್ನು ಹಿಂದಕ್ಕೆ ಪಡೆದು, ತಿದ್ದಿದ ಪ್ರತಿಯ ಜೊತೆ ಕಾರಣವನ್ನೂ ಬರೆದು ಕಳಿಸಬೇಕಾಯಿತು. ಆ ಪತ್ರವನ್ನು ಮೇಡಮ್ಮನವರು ನನ್ನ ಕೈಯಿಂದಲೇ ಬರೆಸಿದರು.

ಅನಂತರ ಉಳಿದದ್ದು, ಇಷ್ಟೊಂದು ಮರಗಳು ಕುಗ್ಗಿದ್ದು ಏಕೆ ಎಂಬ ಪ್ರಶ್ನೆ. ಇದಕ್ಕೆ ಒಂದೇ ಉತ್ತರ ಇರಲಿಲ್ಲ. ಮೊದಲನೆಯದಾಗಿ, ಎಲೆ ಉದುರಿಸುವ ಒಣಕಾಡಿನ ಮರಗಳ ಕಾಂಡ ಬೇಸಿಗೆಯಲ್ಲಿ ನಿಜವಾಗಿಯೂ ಕುಗ್ಗುತ್ತದೆ. ತೊಗಟೆಯಲ್ಲಿಯೂ ಅದರ ಕೆಳಗಿನ ಮೆದು ಪದರದಲ್ಲಿಯೂ ತುಂಬಿಕೊಂಡ ನೀರು ಕಡಿಮೆಯಾದಂತೆ ಸುತ್ತಳತೆ ಇಳಿಯುತ್ತದೆ. ಮಳೆ ಬಿದ್ದೊಡನೆ ಕೆಲವೇ ದಿನಗಳಲ್ಲಿ, ಹೊಸ ಕಟ್ಟಿಗೆ ಬೆಳೆಯುವ ಮೊದಲೇ, ಮತ್ತೆ ಉಬ್ಬುತ್ತದೆ. ನಾವು ಅತಿವೃಷ್ಟಿಯ ಬೆನ್ನಿಗೆ ಉಬ್ಬಿದ್ದ ಮರಗಳನ್ನು ಅಳೆದು, ಅವನ್ನೇ ಕಡುಬೇಸಿಗೆಯ ಮರಗಳ ಜೊತೆ ಹೋಲಿಸಿದ್ದೆವು. ಎರಡನೆಯದಾಗಿ, ಮೊಸಳೆಯ ಚರ್ಮದಂತೆ ಬಿರುಕು ಬಿಟ್ಟ ಮತ್ತಿಯ ತೊಗಟೆಯಿಂದ ಒಂದು ಚಕ್ಕೆ ಬಿದ್ದರೂ ಅಳತೆ ಇಳಿಯುತ್ತದೆ.

ಮೂರನೆಯದು ನಮ್ಮ ಕೈಯಿಂದಲೇ ಆದದ್ದು. ಮರದ ಸುತ್ತಳತೆಯನ್ನು ಅಳೆಯುವುದು ಎದೆಮಟ್ಟದಲ್ಲಿ. ನಮ್ಮ ದೇಶದ ಅರಣ್ಯಶಾಸ್ತ್ರದಲ್ಲಿ ಎದೆಮಟ್ಟ ಎಂದರೆ ನೆಲದಿಂದ 1.37 ಮೀಟರ್, ಅಂದರೆ ಹಳೆಯ ನಾಲ್ಕೂವರೆ ಅಡಿ. ಪನಾಮಾದಲ್ಲಿ 1980ರಲ್ಲಿ ಆರಂಭವಾದ ಐವತ್ತು ಹೆಕ್ಟೇರಿನ ತಾಕಿನ ಮಾದರಿಯನ್ನು ಅನುಸರಿಸುವವರು ಸಾಮಾನ್ಯವಾಗಿ 1.3 ಮೀಟರಿನಲ್ಲಿ ಅಳೆಯುತ್ತಾರೆ. ಮೊದಲು ಅಳೆದವರು ಒಂದನ್ನು, ನಾನು ಇನ್ನೊಂದನ್ನು ಪಾಲಿಸಿದ್ದೆವು. ಏಳು ಸೆಂಟಿಮೀಟರ್ ಮೇಲೆ ಹೋದರೆ ಕಾಂಡ ತುಸು ಸಣ್ಣದಾಗುತ್ತದೆ, ಒಂದು ವರ್ಷದ ಬೆಳವಣಿಗೆಯನ್ನು ನುಂಗಲು ಅಷ್ಟು ಸಾಕು. ಟೇಪಿನ ಓರೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೋಸ ಮಾಡುತ್ತದೆ: 60 ಸೆಂಟಿಮೀಟರ್ ಸುತ್ತಳತೆಯ ಕಾಂಡಕ್ಕೆ ಟೇಪನ್ನು ಹದಿನೈದು ಡಿಗ್ರಿ ಓರೆಯಾಗಿ ಸುತ್ತಿದರೆ ಅದು ಸುಮಾರು 61 ಎಂದು ತೋರಿಸುತ್ತದೆ. ಇಳಿಜಾರಿನಲ್ಲಿ, ಮುಳ್ಳಿನ ನಡುವೆ ಒಂದು ಕಾಲಿನ ಮೇಲೆ ನಿಂತು ಅಳೆಯುವಾಗ ಹದಿನೈದು ಡಿಗ್ರಿ ಓರೆ ಗೊತ್ತೇ ಆಗುವುದಿಲ್ಲ.

ಮದುಮಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988-89ರಲ್ಲಿ ಗುರುತಿಸಿದ ಐವತ್ತು ಹೆಕ್ಟೇರಿನ ತಾಕಿನ ಬಗ್ಗೆ ಓದುವಾಗ ಅದರ ವಿಸ್ತಾರಕ್ಕೆ ನಾನು ಬೆರಗಾಗುತ್ತಿದ್ದೆ. ಈಗ ಬೆರಗಾಗುವುದು ಬೇರೆ ವಿಷಯಕ್ಕೆ. ಅಷ್ಟು ವರ್ಷಗಳಲ್ಲಿ ಎಷ್ಟು ಜನ ಟೇಪು ಹಿಡಿದಿರಬೇಕು, ಅವರೆಲ್ಲರ ಕೈ ಒಂದೇ ಕೈಯಾಗಿ ಉಳಿಯಲು ಎಷ್ಟು ಶಿಸ್ತು ಬೇಕಾಗಿರಬೇಕು.

ಎಲೆಗಳ ವಿಷಯದಲ್ಲಿ ನಾನು ಪಟ್ಟ ಮುಖಭಂಗವನ್ನೂ ಹೇಳಬೇಕು. ಯುರೋಪಿನಲ್ಲಿ ಗಾಳಿಯ ಮಾಲಿನ್ಯದಿಂದ ಕಾಡು ಸಾಯುತ್ತಿದೆ ಎಂಬ ಆತಂಕ ಎದ್ದಾಗ, 1985ರಲ್ಲಿ ಹಲವು ದೇಶಗಳು ಸೇರಿ ಮರಗಳ ನೆತ್ತಿಯನ್ನು ಪ್ರತಿ ವರ್ಷ ನೋಡುವ ಏರ್ಪಾಡು ಮಾಡಿಕೊಂಡವು. ಪೂರ್ಣ ಎಲೆಯುಳ್ಳ ಮರಕ್ಕೆ ಹೋಲಿಸಿ ಎಷ್ಟು ಎಲೆ ಕಡಿಮೆಯಾಗಿದೆ ಎಂಬುದನ್ನು ಶೇಕಡ ಐದೈದರ ಹಂತಗಳಲ್ಲಿ ಅಂದಾಜು ಮಾಡುತ್ತಾರೆ. ಶೇಕಡ 25ಕ್ಕಿಂತ ಹೆಚ್ಚು ಎಲೆ ಕಳೆದುಕೊಂಡ ಮರವನ್ನು ಹಾನಿಗೊಂಡದ್ದೆಂದು ಎಣಿಸುತ್ತಾರೆ. ಆ ನಮೂನೆಯನ್ನು ಅಚ್ಚುಕಟ್ಟಾಗಿ ಮುದ್ರಿಸಿಕೊಂಡು ನಾನು ಫೆಬ್ರುವರಿಯಲ್ಲಿ ಕಾಡಿಗೆ ಹೋದೆ. ಸಾಗವಾನಿಗಳಿಗೆಲ್ಲ ಎಪ್ಪತ್ತು, ಎಂಬತ್ತು, ತೊಂಬತ್ತು ಎಂದು ಬರೆಯುತ್ತಾ ಹೋದಾಗ, ನಮ್ಮ ಜೊತೆ ಬರುತ್ತಿದ್ದ ಹಿರಿಯ ವಾಚರ್ ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, “ಇದಕ್ಕ ಏನ್ ರೋಗ ಬರಕೊಂಡ್ರಿ ಸರ? ಮಾಘ ಮಾಸದಾಗ ಸಾಗವಾನಿ ಎಲಿ ಹಿಡಕೊಂಡು ಕುಂದರತದೇನ್ರಿ?” ಎಂದರು.

ಉದುರುವುದು ಆ ಮರದ ಗುಣ, ರೋಗವಲ್ಲ. ನಮ್ಮ ಕಾಡಿನಲ್ಲಿ ಕೇಳಬೇಕಾದದ್ದು ಎಲೆ ಯಾವಾಗ ಉದುರಿತು, ಮತ್ತೆ ಯಾವಾಗ ಚಿಗುರಿತು ಎಂದು. ಮಳೆಗಾಲ ಬೇಗ ಕೈಕೊಟ್ಟ ವರ್ಷ ಎಲೆ ಬೇಗ ಉದುರುತ್ತದೆ. ಹಾಗೆ ಬೇಗ ಉದುರುವುದೇ ಒತ್ತಡದ ಗುರುತು. ಹುಳುವಿನ ಕಾಟವನ್ನು ನೋಡಬೇಕೆಂದರೂ ಕಾಲ ಗೊತ್ತಿರಬೇಕು. ಸಾಗವಾನಿಯ ಎಳೆಯ ಎಲೆಯನ್ನು ತಿಂದು ಮುಗಿಸುವ ಹುಳು ಮುಂಗಾರಿನ ಮೊದಲ ಮಳೆಗಳ ಹಿಂದೆಯೇ ಬರುತ್ತದೆ. ನರಗಳನ್ನು ಬಿಟ್ಟು ನಡುವಿನ ಹಸಿರನ್ನಷ್ಟೇ ತಿಂದು ಎಲೆಯನ್ನು ಜರಡಿಯಂತೆ ಮಾಡುವ ಇನ್ನೊಂದು ಹುಳು ಮಳೆಗಾಲದ ಕೊನೆಯ ಭಾಗದಲ್ಲಿ ಕಾಣುತ್ತದೆ. ಈಗ ನಾವು ನೆತ್ತಿಯನ್ನು ಜುಲೈ ಹಾಗೂ ಅಕ್ಟೋಬರಿನಲ್ಲಿ ನೋಡುತ್ತೇವೆ. ಉಳಿದ ತಿಂಗಳುಗಳಲ್ಲಿ ಗುರುತಿಟ್ಟ ಕೆಲವು ಮರಗಳ ಮೊದಲ ಚಿಗುರು ಮತ್ತು ಕೊನೆಯ ಎಲೆಯ ದಿನಾಂಕಗಳನ್ನು ಕಾಕಾ ಅವರೇ ತಮ್ಮ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರು ತಿಥಿಯನ್ನೇ ಬರೆಯುತ್ತಾರೆ, ಪಂಚಾಂಗ ನೋಡಿ ದಿನಾಂಕಕ್ಕೆ ತಿರುಗಿಸುವುದು ನನ್ನ ಪಾಲಿನ ಕೆಲಸ.

ಬೆಂಕಿಯ ದಾಖಲೆ ಬೇರೆಯದೇ ಕಷ್ಟ. ಉಪಗ್ರಹದಿಂದ ಬರುವ ಬೆಂಕಿಯ ಎಚ್ಚರಿಕೆಗಳು ಉಪಯುಕ್ತವೇ, ಆದರೆ ಒಣ ತರಗೆಲೆಯ ಮೇಲೆ ಸದ್ದಿಲ್ಲದೆ ಹರಿದು ಎರಡು ತಾಸಿನಲ್ಲಿ ಆರಿಹೋಗುವ ನೆಲಬೆಂಕಿ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಅದಕ್ಕಾಗಿ ಕಾಂಡದ ಮೇಲೆ ಕಪ್ಪು ಎಷ್ಟು ಎತ್ತರಕ್ಕೆ ಏರಿದೆ ಎಂದು ಅಳೆದು ಬರೆಯುತ್ತೇವೆ. ಬೆಂಕಿ ಬಿದ್ದ ಮೇಲೆ ಸಣ್ಣ ಗಿಡಗಳು ನೆಲದ ಮೇಲೆ ಸುಟ್ಟು, ಬೇರಿನಿಂದ ಮತ್ತೆ ಚಿಗುರುತ್ತವೆ. ತೆಲುಗಿನಲ್ಲಿ ತುನಿಕಿ ಎಂದು ಕರೆಯುವ ಬೀಡಿ ಎಲೆಯ ಗಿಡ ಇದರಲ್ಲಿ ಎಲ್ಲರಿಗಿಂತ ಗಟ್ಟಿ. ‘ಸತ್ತಿದೆ’ ಎಂದು ಬರೆದ ಗಿಡ ಮರುವರ್ಷ ಮೊಣಕಾಲೆತ್ತರ ನಿಂತಿರುವುದನ್ನು ಕಂಡ ಮೇಲೆ, ತೊಗಟೆ ಕೆರೆದು ಒಳಗೆ ಹಸಿರಿಲ್ಲವೆಂದು ನೋಡದೆ, ಎರಡು ಮಳೆಗಾಲ ಕಾಯದೆ ಆ ಪದ ಬರೆಯುವುದನ್ನು ಬಿಟ್ಟಿದ್ದೇವೆ. (ತಗಡು ಕಾಣೆಯಾದರೆ ಮರ ಕಾಣೆಯಾಯಿತೆಂದು ಬರೆಯುವುದನ್ನೂ ಬಿಟ್ಟಿದ್ದೇವೆ. ಒಮ್ಮೆ ಪಕ್ಕದ ತಾಂಡಾದಲ್ಲಿ ಒಂದು ಆಡಿನ ಕೊರಳಲ್ಲಿ ನಮ್ಮದೇ ಸಂಖ್ಯೆ ತೂಗಾಡುತ್ತಿತ್ತು.)

ಈಗಿನ ಪದ್ಧತಿ ಹೀಗಿದೆ. ಅಳತೆ ಪ್ರತಿ ಸಲವೂ ನವೆಂಬರಿನ ಎರಡನೆಯ ಪಕ್ಷದಲ್ಲಿಯೇ. ಆಗ ಹಣ ಇಲ್ಲದಿದ್ದರೆ ಆ ವರ್ಷ ಬಿಟ್ಟುಬಿಡುತ್ತೇವೆ, ಏಪ್ರಿಲಿನಲ್ಲಿ ಅಳೆಯುವುದಿಲ್ಲ. ಅಳೆಯುವ ಜಾಗದಲ್ಲಿ ಕಾಂಡದ ಸುತ್ತ ಬಣ್ಣದ ಗೆರೆ ಇದೆ, ಎತ್ತರದ ಕೋಲು ಎಲ್ಲರಿಗೂ ಒಂದೇ. ಹತ್ತು ಮರಗಳಲ್ಲಿ ಒಂದನ್ನು ಇನ್ನೊಬ್ಬರು, ಮೊದಲ ಅಳತೆಯನ್ನು ನೋಡದೆ, ಮತ್ತೆ ಅಳೆಯುತ್ತಾರೆ. ಎರಡರ ನಡುವಿನ ಅಂತರವೇ ನಮ್ಮ ತಪ್ಪಿನ ಅಳತೆ, ಅದನ್ನು ವರದಿಯಲ್ಲಿ ಅಚ್ಚು ಹಾಕುತ್ತೇವೆ. ಕೆಲವು ಮರಗಳಿಗೆ ಸ್ಪ್ರಿಂಗ್ ಇರುವ ಉಕ್ಕಿನ ಪಟ್ಟಿ ಕಟ್ಟಿ ತಿಂಗಳಿಗೊಮ್ಮೆ ಓದುತ್ತೇವೆ. ಪಟ್ಟಿ ತೊಗಟೆಗೆ ಹೊಂದಿಕೊಳ್ಳಲು ಒಂದು ಋತುವಾದರೂ ಬೇಕಾಗುವುದರಿಂದ ಮೊದಲ ವರ್ಷದ ಓದುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂಲ ಅಂಕಿಯನ್ನು ಯಾರೂ ಮುಟ್ಟುವಂತಿಲ್ಲ. ಅನುಮಾನ ಬಂದರೆ ಪಕ್ಕದ ಕಂಬಸಾಲಿನಲ್ಲಿ ಅನುಮಾನದ ಕಾರಣ, ಬರೆದವರ ಹೆಸರಿನ ಮೊದಲಕ್ಷರ, ದಿನಾಂಕ.

ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ 2023ರ ನವೆಂಬರಿನಲ್ಲಿ ಈ ಪದ್ಧತಿಯಂತೆ ಅಳೆದಾಗಲೂ ಕೆಲವು ಮರಗಳು ಕುಗ್ಗಿದ್ದವು. ಎರಡನೆಯ ಕೈ ಅಳೆದಾಗಲೂ ಕುಗ್ಗಿಯೇ ಇದ್ದವು. ಅವುಗಳ ಹಳೆಯ ಅಳತೆಗಳನ್ನು ತೆಗೆದು ನೋಡಿದೆ. ಅವುಗಳಲ್ಲಿ ಒಂದು ದಿಂಡಿಗ ಮರ 2022ರಲ್ಲಿಯೇ ತನ್ನ ನೆರೆಯ ದಿಂಡಿಗಗಳಿಗಿಂತ ಹೆಚ್ಚು ಕುಗ್ಗಿತ್ತು. ನಾನು ಸೊನ್ನೆ ಮಾಡಿದ್ದ ಅಂಕಿಗಳಲ್ಲಿ ಅದರದೂ ಒಂದು. ನೆತ್ತಿಯ ಕೊಂಬೆಗಳು ಒಣಗತೊಡಗಿದ್ದವು, ಬುಡದ ಒಂದು ಬದಿಯಲ್ಲಿ ತೊಗಟೆ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಅದು ಚಿಗುರಲಿಲ್ಲ. ಎರಡು ಮಳೆಗಾಲ ಕಾಯಬೇಕೆಂಬ ನಮ್ಮದೇ ನಿಯಮದಂತೆ ಆಗ ‘ಸತ್ತಿದೆ’ ಎಂದು ಬರೆಯಲಿಲ್ಲ, ‘ಚಿಗುರಿಲ್ಲ’ ಎಂದಷ್ಟೇ ಬರೆದೆ.

ಹೊಸಬರನ್ನು ಒಂಟಿಯಾಗಿ ಕಾಡಿಗೆ ಕಳಿಸುವುದನ್ನೂ ನಿಲ್ಲಿಸಿದ್ದೇವೆ. ಹಳಬರ ಜೊತೆ ಒಂದು ಪೂರ್ತಿ ಅಳತೆ ಮುಗಿಸಿದ ಮೇಲೆಯೇ ಅವರ ಅಂಕಿ ಲೆಕ್ಕಕ್ಕೆ. ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ದಿನ ಮೊದಲ ಮರವನ್ನು ಅಳೆದಾಗ ನನ್ನದಕ್ಕಿಂತ 4 ಮಿಲಿಮೀಟರ್ ಕಡಿಮೆ ಬಂತು. ಅವಳು ಗಾಬರಿಯಾಗಿ, “ಸರ್, ನಿಮ್ಮದೇ ಬರೀಲಾ?” ಎಂದು ಕೇಳಿದಳು. ಎರಡನ್ನೂ ಬರೆಸಿದೆ.